ಗ್ರಂಥಸ್ವಾಮ್ಯ ಮತ್ತು ನ್ಯಾಯೋಚಿತ ಬಳಕೆ

ನಮ್ಮ ನಾಡಿನ ಊರೂರುಗಳಲ್ಲಿ ಜಾತ್ರೆ, ಪುರಾಣ-ಪ್ರವಚನ, ಪುಣ್ಯಸ್ಮರಣೆ, ಶಾಲಾ ವಾರ್ಷಿಕೋತ್ಸವಗಳು ವರುಷವಿಡೀ ನಡೆಯುತ್ತಲೇ ಇರುತ್ತವೆ. ಆ ಸಂದರ್ಭಗಳಲ್ಲಿ ಸ್ಮರಣ ಸಂಚಿಕೆಗಳು ಅಚ್ಚಾಗುತ್ತವೆ. ಭಕ್ತಿಗೀತೆಗಳ ಕಿರುಹೊತ್ತಗೆಗಳನ್ನು ಭಕ್ತರಿಗೆ ಹಂಚುತ್ತಾರೆ. ಊರ ತರುಣರು ನಾಟಕವಾಡುತ್ತಾರೆ. ಇವೆಲ್ಲಕ್ಕೂ ಬೇಕಾದ ಬರಹವು ಬಹುಮಟ್ಟಿಗೆ ಪರರು ಬರೆದದ್ದೇ ಆಗಿರುತ್ತದೆ. ಅದನ್ನು ಬಳಸಿಕೊಳ್ಳುವಾಗ ಜನರಲ್ಲಿ ಎರಡು ಬಗೆಯ ಭಾವನೆಗಳು ಕಂಡುಬರುತ್ತವೆ. "ಒಳ್ಳೆಯ ಕಾರ್ಯಕ್ಕೆ ತಾನೇ, ಯಾರನ್ನು ಏನು ಕೇಳುವುದು?" ಎಂಬುದು ಒಂದು. "ಕಾನೂನಿನ ತೊಡಕು ನಮಗೇಕೆ, ಒಂದು ಸಾಲನ್ನೂ ಮುಟ್ಟುವುದು ಬೇಡ" ಎಂಬುದು ಇನ್ನೊಂದು. ಮೊದಲನೆಯದರಿಂದ ಬರೆದವನಿಗೆ ಅನ್ಯಾಯವಾಗುತ್ತದೆ. ಎರಡನೆಯದರಿಂದ ಓದುವ ಸಮಾಜಕ್ಕೆ ನಷ್ಟವಾಗುತ್ತದೆ. ಇವೆರಡರ ನಡುವೆ ಕಾನೂನು ತಾನೇ ಒಂದು ದಾರಿಯನ್ನು ಹಾಕಿಕೊಟ್ಟಿದೆ. ಅದಕ್ಕೆ ನ್ಯಾಯೋಚಿತ ಬಳಕೆ ಎಂದು ಹೆಸರು. ಆ ದಾರಿಯ ಸ್ವರೂಪವನ್ನೂ ಅದರ ಎಲ್ಲೆಗಳನ್ನೂ ಪ್ರತಿಯೊಂದು ಕುಟುಂಬವೂ ಅರಿತಿರುವುದು ಲೇಸು.

ಸ್ವಾಮ್ಯವು ಹುಟ್ಟಿದ ಬಗೆ

ಓಲೆಗರಿಯ ಕಾಲದಲ್ಲಿ ಗ್ರಂಥವನ್ನು ಪ್ರತಿ ಮಾಡುವುದು ಪುಣ್ಯಕಾರ್ಯವೆನಿಸಿತ್ತು. ಅತ್ತಿಮಬ್ಬೆಯು ಪೊನ್ನಕವಿಯ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ಕನ್ನಡಿಗರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಒಂದೊಂದು ಪ್ರತಿಗೂ ತಿಂಗಳುಗಟ್ಟಲೆ ಶ್ರಮ ಬೇಕಾಗಿದ್ದ ಆ ದಿನಗಳಲ್ಲಿ ಪ್ರತಿ ಮಾಡುವವನು ಗ್ರಂಥವನ್ನು ಅಳಿವಿನಿಂದ ಉಳಿಸುವವನಾಗಿದ್ದನು. ಮುದ್ರಣಯಂತ್ರವು ಬಂದ ಮೇಲೆ ಪರಿಸ್ಥಿತಿಯು ಬದಲಾಯಿತು. ಒಬ್ಬನು ವರುಷಗಟ್ಟಲೆ ಬರೆದುದನ್ನು ಇನ್ನೊಬ್ಬನು ಕೆಲವೇ ದಿನಗಳಲ್ಲಿ ಸಾವಿರ ಪ್ರತಿ ಅಚ್ಚುಹಾಕಿ ಮಾರುವುದು ಸಾಧ್ಯವಾಯಿತು. ಬರೆದವನಿಗೆ ಕೀರ್ತಿ, ಅಚ್ಚುಹಾಕಿದವನಿಗೆ ಹಣ ಎಂಬಂತಾಯಿತು.

ಇದನ್ನು ಸರಿಪಡಿಸಲು ಇಂಗ್ಲೆಂಡಿನಲ್ಲಿ ೧೭೧೦ರಲ್ಲಿ ಒಂದು ಕಾನೂನು ಜಾರಿಗೆ ಬಂದಿತು. ಆನ್ ರಾಣಿಯ ಕಾಲದ ಈ ಶಾಸನವು ಹೊಸ ಗ್ರಂಥದ ಮೇಲೆ ಗ್ರಂಥಕರ್ತನಿಗೆ ೧೪ ವರ್ಷಗಳ ಹಕ್ಕನ್ನು ಕೊಟ್ಟಿತು; ಅವನು ಬದುಕಿದ್ದರೆ ಮತ್ತೆ ೧೪ ವರ್ಷಗಳನ್ನು ಸೇರಿಸಿತು. ಆ ಶಾಸನವು ವಿದ್ಯೆಗೆ ಪ್ರೋತ್ಸಾಹ ಕೊಡುವುದೇ ತನ್ನ ಉದ್ದೇಶವೆಂದು ತನ್ನ ಶೀರ್ಷಿಕೆಯಲ್ಲಿಯೇ ಹೇಳಿಕೊಂಡಿತ್ತೆಂಬುದು ಗಮನಾರ್ಹ. ಬರೆದವನಿಗೆ ಫಲ ದೊರೆತರೆ ಅವನು ಇನ್ನೂ ಬರೆಯುತ್ತಾನೆ. ಅದರಿಂದ ಸಮಾಜದ ವಿದ್ಯೆಯು ಬೆಳೆಯುತ್ತದೆ. ಹೀಗೆ ಗ್ರಂಥಸ್ವಾಮ್ಯವು ಸಮಾಜದ ಹಿತಕ್ಕಾಗಿಯೇ ಹುಟ್ಟಿದ ಹಕ್ಕು. ಆದುದರಿಂದಲೇ ಅದಕ್ಕೆ ಕಾಲದ ಮಿತಿಯೂ ಬಳಕೆಯ ವಿನಾಯಿತಿಗಳೂ ಹುಟ್ಟಿನಿಂದಲೇ ಅಂಟಿಕೊಂಡು ಬಂದಿವೆ.

ನಮ್ಮ ದೇಶದಲ್ಲಿ ಇಂದು ನಡೆಯುತ್ತಿರುವುದು ೧೯೫೭ರ ಕೃತಿಸ್ವಾಮ್ಯ ಅಧಿನಿಯಮ. ಇದು ೧೯೫೮ರ ಜನವರಿ ೨೧ರಂದು ಜಾರಿಗೆ ಬಂದು ಹಲವು ಬಾರಿ ತಿದ್ದುಪಡಿ ಹೊಂದಿದೆ. ಕೃತಿಯನ್ನು ರಚಿಸಿದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿಯು ಕಡ್ಡಾಯವಲ್ಲ. ಪುಸ್ತಕದ ಮೇಲೆ "ಹಕ್ಕುಗಳನ್ನು ಕಾದಿರಿಸಿದೆ" ಎಂದು ಅಚ್ಚಾಗಿಲ್ಲದ ಮಾತ್ರಕ್ಕೆ ಅದು ಎಲ್ಲರ ಸ್ವತ್ತೆಂದು ತಿಳಿಯಬಾರದು. ಲೇಖಕನ ಜೀವಿತಕಾಲ ಮತ್ತು ಅವನು ತೀರಿಕೊಂಡ ಮರುವರ್ಷದ ಆರಂಭದಿಂದ ೬೦ ವರ್ಷ ಈ ಹಕ್ಕು ಉಳಿಯುತ್ತದೆ. ಮೊದಲು ಇದು ೫೦ ವರ್ಷವಾಗಿತ್ತು. ೧೯೪೧ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಅವಧಿಯು ೧೯೯೧ರ ಕೊನೆಗೆ ಮುಗಿಯುವುದರಲ್ಲಿದ್ದಾಗ ಅದನ್ನು ೬೦ಕ್ಕೆ ಏರಿಸಲಾಯಿತು.

ಇನ್ನೊಂದು ಮೂಲಸೂತ್ರವನ್ನು ಇಲ್ಲಿಯೇ ಹೇಳಬೇಕು. ವಿಚಾರದ ಮೇಲೆ ಯಾರಿಗೂ ಸ್ವಾಮ್ಯವಿಲ್ಲ. ಆ ವಿಚಾರವನ್ನು ಹೇಳಿದ ಮಾತಿನ ರೂಪಕ್ಕೆ ಮಾತ್ರ ಸ್ವಾಮ್ಯವುಂಟು. 'ಹಮ್ ಹಿಂದೂಸ್ತಾನಿ' ಎಂಬ ನಾಟಕದ ಕರ್ತೃವು 'ನ್ಯೂ ದೆಹಲಿ' ಎಂಬ ಚಲನಚಿತ್ರದ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೭೮ರಲ್ಲಿ ಈ ತತ್ತ್ವವನ್ನು ಸ್ಥಿರಪಡಿಸಿತು. ಎರಡರ ವಸ್ತುವೂ ಪ್ರಾಂತಭೇದದ ಸಂಕುಚಿತ ಭಾವನೆಯೇ ಆಗಿದ್ದರೂ ಅದನ್ನು ನಿರೂಪಿಸಿದ ರೀತಿಯು ಬೇರೆಯಾಗಿದ್ದುದರಿಂದ ಅದು ಚೌರ್ಯವೆನಿಸಲಿಲ್ಲ.

ಪ್ರಮಾಣ, ಉದ್ದೇಶ, ಪರಿಣಾಮ

ಮಾತಿನ ರೂಪವನ್ನೇ ಎತ್ತಿಕೊಂಡಾಗ ಯಾವುದು ನ್ಯಾಯ, ಯಾವುದು ಅನ್ಯಾಯ? ಈ ಪ್ರಶ್ನೆಗೆ ಹಳೆಯ, ಸ್ಪಷ್ಟವಾದ ಉತ್ತರವೊಂದು ಅಮೆರಿಕದಲ್ಲಿ ೧೮೪೧ರಲ್ಲಿ ದೊರೆಯಿತು. ಜೇರೆಡ್ ಸ್ಪಾರ್ಕ್ಸ್ ಎಂಬ ವಿದ್ವಾಂಸರು ಜಾರ್ಜ್ ವಾಷಿಂಗ್ಟನ್ನರ ಚರಿತ್ರೆಯನ್ನೂ ಪತ್ರಗಳನ್ನೂ ೧೨ ಸಂಪುಟಗಳಲ್ಲಿ ಹೊರತಂದಿದ್ದರು. ಚಾರ್ಲ್ಸ್ ಅಪ್‌ಹಮ್ ಎಂಬವರು ೮೬೬ ಪುಟಗಳ ಎರಡು ಸಂಪುಟಗಳನ್ನು ರಚಿಸಿ, ಅವುಗಳಲ್ಲಿ ೩೫೩ ಪುಟಗಳಷ್ಟನ್ನು ಆ ಗ್ರಂಥದಿಂದ ಇದ್ದಂತೆಯೇ ತೆಗೆದುಕೊಂಡರು. ನ್ಯಾಯಮೂರ್ತಿ ಜೋಸೆಫ್ ಸ್ಟೋರಿಯವರು ಇದು ನ್ಯಾಯವಲ್ಲವೆಂದು ತೀರ್ಪಿತ್ತರು. ಆಯ್ದುಕೊಂಡ ಭಾಗಗಳ ಸ್ವರೂಪ ಮತ್ತು ಉದ್ದೇಶವೇನು? ತೆಗೆದುಕೊಂಡುದು ಎಷ್ಟು, ಅದರ ಮೌಲ್ಯವೆಷ್ಟು? ಅದರಿಂದ ಮೂಲಗ್ರಂಥದ ಮಾರಾಟಕ್ಕೆ ಎಷ್ಟು ಹಾನಿ? ಇವನ್ನು ನೋಡಬೇಕೆಂದು ಅವರು ಹೇಳಿದರು. ಅಮೆರಿಕದ ೧೯೭೬ರ ಕಾನೂನಿನ ೧೦೭ನೆಯ ಕಲಮಿಗೆ ಈ ತೀರ್ಪೇ ತಳಹದಿ.

ಅಮೆರಿಕದ ಕಾನೂನು ಇಂತಹ ಸೂತ್ರಗಳನ್ನು ಹೇಳಿ ಉಳಿದುದನ್ನು ನ್ಯಾಯಾಧೀಶರ ವಿವೇಕಕ್ಕೆ ಬಿಡುತ್ತದೆ. ನಮ್ಮ ಕಾನೂನಿನ ರೀತಿಯು ಸ್ವಲ್ಪ ಬೇರೆ. ೫೨ನೆಯ ಕಲಮಿನಲ್ಲಿ ಯಾವ ಯಾವ ಬಳಕೆಗೆ ವಿನಾಯಿತಿಯುಂಟು ಎಂಬುದನ್ನು ಒಂದೊಂದಾಗಿ ಎಣಿಸಿ ಹೇಳಿದ್ದಾರೆ. ಸ್ವಂತ ಉಪಯೋಗ ಮತ್ತು ಸಂಶೋಧನೆ, ವಿಮರ್ಶೆ, ಪ್ರಚಲಿತ ವಿದ್ಯಮಾನಗಳ ವರದಿ, ಇವುಗಳಿಗಾಗಿ ನ್ಯಾಯೋಚಿತವಾಗಿ ಬಳಸಬಹುದೆಂಬುದು ಮೊದಲ ಉಪಕಲಮು. 'ನ್ಯಾಯೋಚಿತ' ಎಂದರೆ ಎಷ್ಟು ಸಾಲು, ಎಷ್ಟು ಪುಟ ಎಂದು ಎಲ್ಲಿಯೂ ಹೇಳಿಲ್ಲ. ಒಂದು ಕವನಸಂಕಲನವನ್ನು ವಿಮರ್ಶಿಸುವಾಗ ಮಾತಿಗೆ ಆಧಾರವಾಗಿ ನಾಲ್ಕಾರು ಪದ್ಯಭಾಗಗಳನ್ನು ಉದ್ಧರಿಸಿದರೆ ತಪ್ಪಿಲ್ಲ. ವಿಮರ್ಶೆಯ ಹೆಸರಿನಲ್ಲಿ ಅರ್ಧ ಸಂಕಲನವನ್ನೇ ಎತ್ತಿ ಹಾಕಿ, ಕೊನೆಗೆ ಎರಡು ಸಾಲು ಮೆಚ್ಚುಗೆಯನ್ನು ಸೇರಿಸಿದರೆ ಅದು ವಿಮರ್ಶೆಯೆನಿಸದು.

ಕೇರಳದ ಉಚ್ಚ ನ್ಯಾಯಾಲಯವು ೧೯೯೬ರಲ್ಲಿ ಇದೇ ಅಳತೆಗೋಲನ್ನು ಬಳಸಿತು. ತೋಪ್ಪಿಲ್ ಭಾಸಿಯವರ 'ನಿಂಙಳೆನ್ನೆ ಕಮ್ಯುನಿಸ್ಟಾಕ್ಕಿ' ಎಂಬ ಪ್ರಸಿದ್ಧ ಮಲಯಾಳ ನಾಟಕಕ್ಕೆ ಉತ್ತರವಾಗಿ ಸಿವಿಕ್ ಚಂದ್ರನ್ ಎಂಬವರು ಒಂದು ಪ್ರತಿನಾಟಕವನ್ನು ಬರೆದು, ಮೂಲದ ಪಾತ್ರಗಳನ್ನೂ ಕೆಲವು ಸಂಭಾಷಣೆಗಳನ್ನೂ ಅದರಲ್ಲಿ ತಂದಿದ್ದರು. ಎಷ್ಟು ತೆಗೆದುಕೊಂಡಿದ್ದಾರೆ, ಯಾವ ಉದ್ದೇಶಕ್ಕೆ ತೆಗೆದುಕೊಂಡಿದ್ದಾರೆ, ಎರಡು ಕೃತಿಗಳ ನಡುವೆ ಪೈಪೋಟಿಯಾಗುವುದೇ ಎಂಬ ಮೂರನ್ನು ನ್ಯಾಯಾಲಯವು ಪರಿಶೀಲಿಸಿತು. ಮೂಲನಾಟಕದ ವಿಚಾರವನ್ನು ವಿಮರ್ಶಿಸುವುದಕ್ಕಾಗಿಯೇ ಆ ಭಾಗಗಳನ್ನು ಬಳಸಿದ್ದಾರೆಂದು ಕಂಡು ಪ್ರತಿನಾಟಕದ ಪ್ರದರ್ಶನಕ್ಕೆ ಅವಕಾಶ ಕೊಟ್ಟಿತು.

ವಿದ್ಯಾರ್ಥಿಯ ಕೈಯ ಪುಟಗಳು

ವಿದ್ಯೆಯ ವಿಷಯದಲ್ಲಿ ನಮ್ಮ ದೇಶದ ಅತ್ಯಂತ ಮುಖ್ಯ ಮೊಕದ್ದಮೆಯು ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಒಂದು ಜೆರಾಕ್ಸ್ ಅಂಗಡಿಯಿಂದ ಹುಟ್ಟಿತು. ಅಲ್ಲಿಯ ಅಧ್ಯಾಪಕರು ಪಠ್ಯಕ್ರಮಕ್ಕೆ ಅನುಸಾರವಾಗಿ ಬೇರೆ ಬೇರೆ ಗ್ರಂಥಗಳಿಂದ ಒಂದೊಂದು ಅಧ್ಯಾಯವನ್ನು ಸೂಚಿಸುತ್ತಿದ್ದರು. ವಿಶ್ವವಿದ್ಯಾಲಯದ ಪರವಾನಗಿ ಪಡೆದಿದ್ದ ರಾಮೇಶ್ವರಿ ಫೋಟೋಕಾಪಿ ಎಂಬ ಅಂಗಡಿಯು ಅವುಗಳ ನಕಲನ್ನು ಒಟ್ಟುಗೂಡಿಸಿ, ಹೊಲಿದು, ಅಲ್ಪ ದರದಲ್ಲಿ ವಿದ್ಯಾರ್ಥಿಗಳಿಗೆ ಕೊಡುತ್ತಿತ್ತು. ೨೦೧೨ರ ಆಗಸ್ಟ್ ತಿಂಗಳಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನ ಸಂಸ್ಥೆಗಳು ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ದಾವೆ ಹೂಡಿದವು. ಆಗ ಆ ಗ್ರಂಥಗಳನ್ನು ಬರೆದ ವಿದ್ವಾಂಸರಲ್ಲಿಯೇ ಕೆಲವರು ವಿದ್ಯಾರ್ಥಿಗಳ ಪರವಾಗಿ ನಿಂತರು.

ಶಿಕ್ಷಕನು ಅಥವಾ ವಿದ್ಯಾರ್ಥಿಯು ಬೋಧನೆಯ ಕ್ರಮದಲ್ಲಿ ಕೃತಿಯನ್ನು ಪ್ರತಿ ಮಾಡಬಹುದೆಂದು ೫೨ನೆಯ ಕಲಮು ಹೇಳುತ್ತದೆ. 'ಬೋಧನೆಯ ಕ್ರಮ' ಎಂದರೆ ತರಗತಿಯ ಕೋಣೆಯೊಳಗಿನ ಒಂದು ತಾಸು ಮಾತ್ರವೇ ಎಂಬುದು ವಿವಾದದ ತಿರುಳಾಯಿತು. ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ೨೦೧೬ರ ಸೆಪ್ಟೆಂಬರ್ ೧೬ರಂದು ದಾವೆಯನ್ನು ವಜಾ ಮಾಡಿತು. ಮೇಲ್ಮನವಿಯನ್ನು ಕೇಳಿದ ವಿಭಾಗೀಯ ಪೀಠವು ಅದೇ ವರ್ಷ ಡಿಸೆಂಬರ್ ೯ರಂದು ತನ್ನ ನಿರ್ಣಯವನ್ನಿತ್ತಿತು. ಪಾಠದ ಸಿದ್ಧತೆಯಿಂದ ಹಿಡಿದು ಅಧ್ಯಯನದ ವರೆಗಿನ ಕಾರ್ಯವೆಲ್ಲವೂ ಬೋಧನೆಯೇ. ನಕಲಿನ ಪ್ರಮಾಣವು ಬೋಧನೆಯ ಉದ್ದೇಶಕ್ಕೆ ತಕ್ಕುದಾಗಿದ್ದರೆ ಸಾಕು. ಒಬ್ಬ ವಿದ್ಯಾರ್ಥಿಯು ಒಂದೊಂದು ಅಧ್ಯಾಯಕ್ಕಾಗಿ ಹತ್ತಾರು ದುಬಾರಿ ಗ್ರಂಥಗಳನ್ನು ಕೊಳ್ಳುವವನಲ್ಲವಾದುದರಿಂದ ಮಾರಾಟಕ್ಕೆ ಹಾನಿಯಾಯಿತೆನ್ನುವಂತಿಲ್ಲ ಎಂಬುದು ಅದರ ಸಾರ. ಸೇರಿಸಿದ ಪಾಠಭಾಗಗಳು ಬೋಧನೆಗೆ ಅವಶ್ಯವಾಗಿದ್ದವೇ ಎಂಬ ಒಂದು ಅಂಶವನ್ನು ವಿಚಾರಣೆಗೆ ಹಿಂತಿರುಗಿಸಲಾಗಿತ್ತು. ಆದರೆ ೨೦೧೭ರ ಮಾರ್ಚ್ ತಿಂಗಳಲ್ಲಿ ಪ್ರಕಾಶಕರು ದಾವೆಯನ್ನೇ ಹಿಂತೆಗೆದುಕೊಂಡರು.

ಬಡತನದಲ್ಲಿ ಮಕ್ಕಳನ್ನು ಓದಿಸುವ ತಂದೆತಾಯಿಗಳಿಗೆ ಈ ತೀರ್ಪು ದೊಡ್ಡ ಆಸರೆ. ಆದರೆ ಅದರ ಎಲ್ಲೆಯನ್ನೂ ಅರಿಯಬೇಕು. ಬೋಧನೆಗೆ ಬೇಕಾದ ಭಾಗಗಳ ಮಾತು ಇದು. ಪೇಟೆಯಲ್ಲಿ ದೊರೆಯುವ ಪಠ್ಯಪುಸ್ತಕವನ್ನು ಆದ್ಯಂತವಾಗಿ ನಕಲು ಮಾಡಿಸಿ ಲಾಭಕ್ಕೆ ಮಾರುವವನಿಗೆ ಇದರಲ್ಲಿ ರಕ್ಷಣೆಯಿಲ್ಲ.

ಕಾರಂತರ ಯಕ್ಷಗಾನ

ಕನ್ನಡ ನಾಡಿನದೇ ಒಂದು ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದುದುಂಟು. ಡಾ. ಕೋಟ ಶಿವರಾಮ ಕಾರಂತರು ಯಕ್ಷಗಾನಕ್ಕೆ ನೃತ್ಯನಾಟಕದ ಹೊಸ ರೂಪವೊಂದನ್ನು ಕೊಟ್ಟಿದ್ದರು. ೧೯೯೭ರ ಡಿಸೆಂಬರಿನಲ್ಲಿ ಅವರು ನಿಧನರಾದರು. ೧೯೯೪ರಲ್ಲಿ ಬರೆದ ಮರಣಶಾಸನದ ಮೂಲಕ ಅವರು ತಮ್ಮ ಕೃತಿಗಳ ಹಕ್ಕನ್ನು ಒಬ್ಬರಿಗೆ ಬಿಟ್ಟುಕೊಟ್ಟಿದ್ದರು. ೨೦೦೧ರ ಸೆಪ್ಟೆಂಬರಿನಲ್ಲಿ ಮಣಿಪಾಲದ ಶಿಕ್ಷಣ ಸಂಸ್ಥೆಯೊಂದು ಕಾರಂತರ ಪದ್ಧತಿಯ 'ಅಭಿಮನ್ಯು ವಧೆ'ಯನ್ನು ಹೊಸದಿಲ್ಲಿಯಲ್ಲಿ ಪ್ರದರ್ಶಿಸಿದಾಗ, ತಮ್ಮ ಅನುಮತಿಯಿಲ್ಲವೆಂದು ಆ ಹಕ್ಕುದಾರರು ಉಡುಪಿಯ ನ್ಯಾಯಾಲಯಕ್ಕೆ ಹೋದರು.

ಕೆಳಗಿನ ನ್ಯಾಯಾಲಯವೂ ಕರ್ನಾಟಕದ ಉಚ್ಚ ನ್ಯಾಯಾಲಯವೂ ಹಕ್ಕುದಾರರ ಪರವಾಗಿ ತೀರ್ಪಿತ್ತವು. ಸರ್ವೋಚ್ಚ ನ್ಯಾಯಾಲಯವು ೨೦೦೯ರ ಜನವರಿ ೨೩ರಂದು ಹಕ್ಕನ್ನು ಎತ್ತಿಹಿಡಿಯಿತು. ಜೊತೆಗೆ ನಿರ್ಬಂಧಕ್ಕೆ ಮಿತಿಯನ್ನೂ ಹಾಕಿತು. ಸಂಶೋಧನೆ, ವಿಮರ್ಶೆಗಳಿಗೆ ಸಂಬಂಧಿಸಿದ ನ್ಯಾಯೋಚಿತ ಬಳಕೆಗೆ ಆ ಆಜ್ಞೆಯು ಅಡ್ಡಬಾರದು. ಶಿಕ್ಷಣ ಸಂಸ್ಥೆಯು ತನ್ನ ಚಟುವಟಿಕೆಯ ಅಂಗವಾಗಿ ಕಲಮಿನ ಚೌಕಟ್ಟಿನೊಳಗೆ ಪ್ರದರ್ಶಿಸಿದರೆ ಅಡ್ಡಿಯಿಲ್ಲ. ಹವ್ಯಾಸಿ ಸಂಘವೆನಿಸುವುದಾದರೆ ಟಿಕೇಟಿಲ್ಲದ ಪ್ರೇಕ್ಷಕರ ಮುಂದೆ ಪ್ರದರ್ಶಿಸಿದರೂ ಉಲ್ಲಂಘನೆಯಾಗದು ಎಂದು ಸ್ಪಷ್ಟಪಡಿಸಿತು. ಕರ್ತೃವಿನ ಹಕ್ಕು ಮತ್ತು ಸಮಾಜದ ಪಾಲು ಒಂದೇ ತೀರ್ಪಿನಲ್ಲಿ ಅಕ್ಕಪಕ್ಕದಲ್ಲಿ ಕುಳಿತಿರುವುದನ್ನು ಇಲ್ಲಿ ಕಾಣಬಹುದು.

ಜಾತ್ರೆ, ಮದುವೆ, ಶಾಲೆ, ವಾಚನಾಲಯ

ಇದೇ ಕಲಮಿನಲ್ಲಿ ನಮ್ಮ ದೈನಂದಿನ ಜೀವನಕ್ಕೆ ಹತ್ತಿರವಾದ ಇನ್ನೂ ಕೆಲವು ವಿನಾಯಿತಿಗಳಿವೆ. ಹವ್ಯಾಸಿ ಸಂಘದವರು ಹಣ ಪಡೆಯದೆ ಆಡುವ ನಾಟಕಕ್ಕೂ, ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಾಗಿ ಆಡುವ ನಾಟಕಕ್ಕೂ ಅನುಮತಿ ಬೇಕಿಲ್ಲ. ಜಾತ್ರೆಯ ನಾಟಕಗಳಲ್ಲಿ ಅನೇಕವು ಈ ಆಶ್ರಯದಲ್ಲಿ ಬರುತ್ತವೆ. ವೃತ್ತಿಪರ ನಾಟಕ ಕಂಪನಿಯು ಟಿಕೇಟಿಟ್ಟು ಆಡಿದರೆ ಬಾರದು. ವಿನಾಯಿತಿಯು ಪ್ರದರ್ಶನಕ್ಕೆ ಮಾತ್ರ ಎಂಬುದನ್ನೂ ನೆನಪಿಡಬೇಕು. ನಾಟಕದ ಪುಸ್ತಕವನ್ನು ಅಚ್ಚುಹಾಕಿಸುವುದಕ್ಕಾಗಲಿ, ನಾಟಕವನ್ನು ಚಿತ್ರೀಕರಿಸಿ ಯೂಟ್ಯೂಬಿನಲ್ಲಿ ಪ್ರಸಾರ ಮಾಡುವುದಕ್ಕಾಗಲಿ ಅದು ಅನ್ವಯಿಸುವುದಿಲ್ಲ.

ಶ್ರದ್ಧಾಪೂರ್ವಕವಾಗಿ ನಡೆಯುವ ಧಾರ್ಮಿಕ ವಿಧಿಗಳಲ್ಲಿ ಗೀತೆ, ಸಂಗೀತಗಳನ್ನು ಬಳಸುವುದಕ್ಕೆ ವಿನಾಯಿತಿಯುಂಟು. ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಾಮಾಜಿಕ ಸಂಭ್ರಮಗಳೂ ಇದರಲ್ಲಿ ಸೇರುತ್ತವೆಂದು ಕಾನೂನೇ ವಿವರಿಸಿದೆ. ಮದುವೆಯ ಮನೆಗಳಲ್ಲಿ ಹಾಡು ಹಾಕಿದುದಕ್ಕೆ ಶುಲ್ಕ ಕೇಳುತ್ತಾರೆಂಬ ದೂರುಗಳು ಬಂದಾಗ, ಹಾಗೆ ಕೇಳುವಂತಿಲ್ಲವೆಂದು ಕೇಂದ್ರ ಸರ್ಕಾರವು ೨೦೨೩ರ ಜುಲೈ ತಿಂಗಳಲ್ಲಿ ಪ್ರಕಟಣೆಯನ್ನೂ ಹೊರಡಿಸಿತು. ಪ್ರಕಟವಾದ ಗ್ರಂಥದಿಂದ ಯುಕ್ತವಾದಷ್ಟು ಭಾಗವನ್ನು ಸಭೆಯಲ್ಲಿ ಓದಬಹುದಾದುದರಿಂದ ಪ್ರವಚನಕಾರರಿಗೂ ಕೀರ್ತನಕಾರರಿಗೂ ಆತಂಕವಿಲ್ಲ. ಶಾಲೆಯಲ್ಲಿ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ನಾಟಕವಾಡಬಹುದು. ಆದರೆ ಪ್ರೇಕ್ಷಕರು ಶಾಲೆಯವರು, ಪಾಲಕರು, ಪೋಷಕರು ಮಾತ್ರ ಆಗಿರಬೇಕು.

ಸಾರ್ವಜನಿಕ ಗ್ರಂಥಾಲಯವು ಭಾರತದಲ್ಲಿ ಮಾರಾಟಕ್ಕೆ ದೊರೆಯದ ಗ್ರಂಥದ ಮೂರು ಪ್ರತಿಗಳವರೆಗೆ ತನ್ನ ಉಪಯೋಗಕ್ಕಾಗಿ ಮಾಡಿಸಿಕೊಳ್ಳಬಹುದು. ಅಂಧರು ಮೊದಲಾದ ಅಂಗವಿಕಲರಿಗೆ ಓದಲು ಬರುವ ರೂಪದಲ್ಲಿ ಗ್ರಂಥವನ್ನು ಪರಿವರ್ತಿಸಿಕೊಡುವುದಕ್ಕೆ ೨೦೧೨ರ ತಿದ್ದುಪಡಿಯು ಅವಕಾಶ ಕಲ್ಪಿಸಿದೆ. ಮನೆಯಲ್ಲಿ ದೃಷ್ಟಿ ಕಳೆದುಕೊಂಡ ಹಿರಿಯರಿದ್ದರೆ ಮಕ್ಕಳು ಅವರಿಗಾಗಿ ಪುಸ್ತಕವನ್ನು ಓದಿ ಧ್ವನಿಮುದ್ರಿಸಿಕೊಡಬಹುದು. ಇದಕ್ಕಿಂತ ಉತ್ತಮವಾದ ಸೇವೆ ಯಾವುದಿದೆ?

ವಚನಗಳು ಮತ್ತು ಸಂಪಾದಕರ ಶ್ರಮ

ವಚನಗಳನ್ನು ಅಚ್ಚುಹಾಕಿಸುವವರು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದಿದೆ. ಹನ್ನೆರಡನೆಯ ಶತಮಾನದ ಶರಣರ ಮಾತಿಗೆ ಯಾರ ಸ್ವಾಮ್ಯ? ಮೂಲವಚನದ ಮೇಲೆ ಯಾರ ಹಕ್ಕೂ ಇಲ್ಲ. ಅದು ಲೋಕದ ಸಂಪತ್ತು. ಆದರೆ ಆಧುನಿಕ ಸಂಪಾದಕನು ಬರೆದ ಪೀಠಿಕೆ, ಟಿಪ್ಪಣಿ, ಭಾವಾರ್ಥ, ವ್ಯಾಖ್ಯಾನಗಳು ಅವನ ಸ್ವಂತ ಕೃತಿಗಳು. ನ್ಯಾಯಾಲಯದ ತೀರ್ಪುಗಳ ವರದಿಗೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೭ರ ಡಿಸೆಂಬರಿನಲ್ಲಿ ಇಂತಹುದೇ ವಿಭಾಗವನ್ನು ಮಾಡಿತು. ತೀರ್ಪಿನ ಮೂಲಪಾಠವು ಎಲ್ಲರಿಗೂ ಮುಕ್ತ. ಸಂಪಾದಕರು ತಮ್ಮ ಬುದ್ಧಿಯನ್ನೂ ವಿವೇಚನೆಯನ್ನೂ ಬಳಸಿ ಸೇರಿಸಿದ ಭಾಗಕ್ಕೆ ರಕ್ಷಣೆಯುಂಟು. ಬರಿಯ ಅಕ್ಷರದೋಷಗಳನ್ನು ತಿದ್ದಿದ ಮಾತ್ರಕ್ಕೆ ಹಕ್ಕು ಬಾರದು ಎಂದು ಅದು ಹೇಳಿತು. ಆದುದರಿಂದ ವಚನಗಳ ಹೊತ್ತಗೆಯನ್ನು ತರುವವರು ಮೂಲವನ್ನು ನಿರಾತಂಕವಾಗಿ ಅಚ್ಚಿಸಬಹುದು. ಇನ್ನೊಬ್ಬರ ಭಾವಾರ್ಥವನ್ನು ಕೇಳದೆ ಎತ್ತಿ ಹಾಕಬಾರದು.

ಇಲ್ಲಿ ಒಂದು ಸಂತೋಷದ ಸಂಗತಿಯನ್ನು ತಿಳಿಸಬೇಕು. ವಚನಪಿತಾಮಹ ಡಾ. ಫ.ಗು. ಹಳಕಟ್ಟಿಯವರು ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಅನಂತರ ವಿಜಯಪುರದಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನೂ, ೧೯೨೬ರಲ್ಲಿ 'ಶಿವಾನುಭವ' ಪತ್ರಿಕೆಯನ್ನೂ ಆರಂಭಿಸಿದರು. ಅವರು ಲಿಂಗೈಕ್ಯರಾದುದು ೧೯೬೪ರ ಜೂನ್ ೨೯ರಂದು. ಅಲ್ಲಿಂದ ಲೆಕ್ಕ ಹಾಕಿದರೆ ಅವರ ಜೀವಿತಕಾಲದಲ್ಲಿ ಪ್ರಕಟವಾದ ಸ್ವಂತ ಬರಹಗಳ ಸ್ವಾಮ್ಯದ ಅವಧಿಯು ೨೦೨೪ರ ಡಿಸೆಂಬರ್ ೩೧ಕ್ಕೆ ಮುಗಿಯಿತು. ೨೦೨೫ರ ಜನವರಿ ೧ರಿಂದ ಅವು ನಾಡಿನ ಎಲ್ಲರ ಸೊತ್ತಾಗಿವೆ. ಯಾವ ವಾಚನಾಲಯವೇ ಆಗಲಿ, ತರುಣ ಸಂಘವೇ ಆಗಲಿ ಅವುಗಳನ್ನು ಮರುಮುದ್ರಿಸಿ ಮನೆಮನೆಗೆ ತಲುಪಿಸಲು ಈಗ ಅಡ್ಡಿಯಿಲ್ಲ. ಇದಕ್ಕೆ ಪ್ರತಿಯಾಗಿ, ೧೯೮೧ರಲ್ಲಿ ನಿಧನರಾದ ಬೇಂದ್ರೆಯವರ ಕವನಗಳ ಹಕ್ಕು ೨೦೪೧ರ ಕೊನೆಯವರೆಗೂ, ೧೯೯೪ರಲ್ಲಿ ನಿಧನರಾದ ಕುವೆಂಪು ಅವರ ಕೃತಿಗಳ ಹಕ್ಕು ೨೦೫೪ರ ಕೊನೆಯವರೆಗೂ ಉಳಿಯುತ್ತದೆ.

ಮೂರು ತಪ್ಪು ತಿಳಿವಳಿಕೆಗಳು

"ಲೇಖಕರ ಹೆಸರು ಹಾಕಿದ್ದೇವಲ್ಲ" ಎನ್ನುವುದು ಮೊದಲನೆಯದು. ಹೆಸರು ಹಾಕುವುದು ಕರ್ತವ್ಯ. ಹಕ್ಕನ್ನು ಮಾರಿಕೊಂಡ ಮೇಲೂ ಕರ್ತೃವೆನಿಸಿಕೊಳ್ಳುವ ಅಧಿಕಾರವೂ, ತನ್ನ ಕೃತಿಯನ್ನು ಗೌರವಕ್ಕೆ ಕುಂದು ಬರುವಂತೆ ವಿರೂಪಗೊಳಿಸುವುದನ್ನು ತಡೆಯುವ ಅಧಿಕಾರವೂ ಲೇಖಕನಿಗೆ ಉಳಿದಿರುತ್ತವೆಂದು ೫೭ನೆಯ ಕಲಮು ಹೇಳುತ್ತದೆ. ಆದರೆ ಹೆಸರು ಹಾಕಿದುದರಿಂದ ಅನುಮತಿ ಪಡೆದಂತಾಗುವುದಿಲ್ಲ.

"ನಾವು ಉಚಿತವಾಗಿ ಹಂಚುತ್ತೇವೆ" ಎನ್ನುವುದು ಎರಡನೆಯದು. ನಾವು ಹಣ ಪಡೆಯದಿದ್ದರೂ ಲೇಖಕನ ಪುಸ್ತಕವು ಮಾರಾಟವಾಗದೆ ಉಳಿದರೆ ನಷ್ಟವು ಅವನದೇ. ಇಡೀ ಪುಸ್ತಕದ ಪಿಡಿಎಫ್ ಪ್ರತಿಯನ್ನು ವಾಟ್ಸಾಪಿನಲ್ಲಿ ನೂರು ಜನರಿಗೆ ಕಳುಹಿಸುವುದು ಇಂದು ಪುಣ್ಯಕಾರ್ಯದಂತೆ ನಡೆಯುತ್ತಿದೆ. ಕನ್ನಡದಲ್ಲಿ ಒಂದು ಸಾವಿರ ಪ್ರತಿ ಮಾರಾಟವಾಗಲು ಲೇಖಕನು ವರ್ಷಗಟ್ಟಲೆ ಕಾಯಬೇಕಾಗುವುದುಂಟು. ಹಾಗೆ ಕಳುಹಿಸುವವರು ಆ ಸಾವಿರದಲ್ಲಿ ಎಷ್ಟನ್ನು ತಾವು ಕಸಿದುಕೊಂಡೆವೆಂದು ಯೋಚಿಸಬೇಕು. ಅತ್ತಿಮಬ್ಬೆಯು ಪ್ರತಿಗಳನ್ನು ಮಾಡಿಸಿ ಪೊನ್ನನ ಕಾವ್ಯವನ್ನು ಉಳಿಸಿದಳು. ಬದುಕಿರುವ ಲೇಖಕನ ಪುಸ್ತಕವನ್ನು ಉಳಿಸುವ ಬಗೆಯೆಂದರೆ ಅದನ್ನು ಕೊಂಡು ಓದುವುದು.

"ಕೇಳಿದರೆ ಕೊಡುವುದಿಲ್ಲ" ಎನ್ನುವುದು ಮೂರನೆಯದು. ಗೌರವದಿಂದ ಕೇಳಿದರೆ ಸಂತೋಷದಿಂದ ಒಪ್ಪುವ ಲೇಖಕರು ನಮ್ಮಲ್ಲಿ ಬಹಳ. ಯಾವ ಭಾಗ, ಯಾವ ಪ್ರಕಟಣೆಗೆ, ಎಷ್ಟು ಪ್ರತಿ, ಬೆಲೆಯುಂಟೋ ಇಲ್ಲವೋ ಎಂಬ ನಾಲ್ಕು ವಿಷಯಗಳನ್ನು ಬರೆದು ಒಂದು ಪತ್ರ ಹಾಕಿದರೆ ಸಾಕು. ಲೇಖಕರು ತೀರಿಕೊಂಡಿದ್ದರೆ ವಾರಸುದಾರರನ್ನು, ಹಕ್ಕು ಪ್ರಕಾಶಕರಲ್ಲಿದ್ದರೆ ಅವರನ್ನು ಕೇಳಬೇಕು. ದಿವಂಗತ ಲೇಖಕರ ಕುಟುಂಬದವರೂ ತಮ್ಮ ಹಕ್ಕನ್ನು ತಿಳಿದಿರಬೇಕು. ಹಕ್ಕಿನ ವರ್ಗಾವಣೆಯು ಬರವಣಿಗೆಯಲ್ಲಿ, ಸಹಿಯೊಡನೆ ಇರಬೇಕು. ಒಪ್ಪಂದದಲ್ಲಿ ಅವಧಿಯನ್ನು ಹೇಳಿರದಿದ್ದರೆ ಅದು ೫ ವರ್ಷವೆಂದು ಈಗಿನ ಕಾನೂನು ಎಣಿಸುತ್ತದೆ. ತಂದೆಯ ಅಥವಾ ಅಜ್ಜನ ಪುಸ್ತಕಗಳಿರುವ ಮನೆಯವರು ಹಳೆಯ ಕಾಗದಪತ್ರಗಳನ್ನು ಒಮ್ಮೆ ತೆಗೆದು ನೋಡುವುದು ಒಳಿತು.

ಉಳಿಯುವ ವಿವೇಕ

ಬಾವಿಯನ್ನು ತೋಡಿಸಿದವನ ಹೆಸರು ಬಾವಿಗೆ ಉಳಿಯುತ್ತದೆ. ಬಾಯಾರಿದ ದಾರಿಹೋಕನಿಗೆ ಒಂದು ಬೊಗಸೆ ನೀರನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ಆ ನೀರನ್ನು ಕೊಡಗಳಲ್ಲಿ ತುಂಬಿ ಸಂತೆಗೆ ಒಯ್ಯುವವನು ತೋಡಿಸಿದವನನ್ನು ಕೇಳಲೇಬೇಕು. ನ್ಯಾಯೋಚಿತ ಬಳಕೆಯ ತತ್ತ್ವವೂ ಇಷ್ಟೇ. ನಮ್ಮ ಉದ್ದೇಶವು ಏನು, ತೆಗೆದುಕೊಂಡ ಪ್ರಮಾಣವು ಎಷ್ಟು, ಬರೆದವನಿಗೆ ಅದರಿಂದ ಆಗುವುದೇನು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಹೆಚ್ಚಿನ ಸಂದರ್ಭಗಳಲ್ಲಿ ದಾರಿ ತಾನಾಗಿ ತೋರುತ್ತದೆ. ಸಂದೇಹವುಳಿದಲ್ಲಿ ಕೇಳಿ ಪಡೆಯುವುದರಿಂದ ಯಾರ ಘನತೆಯೂ ಕುಂದುವುದಿಲ್ಲ. ಈ ವರ್ಷದ ಸ್ಮರಣ ಸಂಚಿಕೆಯನ್ನು ಸಿದ್ಧಪಡಿಸುವ ಸಮಿತಿಗಳವರು ಅಚ್ಚುಕೂಟಕ್ಕೆ ಹೋಗುವ ಮೊದಲು ಲೇಖಕರ ಮನೆಗೆ ಒಂದು ಪತ್ರವನ್ನು ಬರೆಯಲಿ. ಬರೆಯುವ ಕೈಗೂ ಓದುವ ಕಣ್ಣಿಗೂ ಅದರಿಂದ ಒಳಿತಾಗುವುದು.